ಮೂರೇ ಆಲ್ಬಮ್, ಮೂರು ಭಾಷೆ

ಇವತ್ತು ಬೆಳಗಿನಿಂದ ಗಾಯಕಿ ಲಾಸಾ ಡಿ ಸೇಲಾ ಹಾಡುಗಳನ್ನೇ ಕೇಳುತ್ತಿದ್ದೇನೆ. ಈಕೆಯ ಅಪ್ಪ ಮೆಕ್ಸಿಕೋದವರು, ಅಮ್ಮ ಅಮೆರಿಕದವರು. ಬಾಲ್ಯದ ಬಹುಪಾಲು ಒಂದು ಹಳೇ ಸ್ಕೂಲ್ ಬಸ್ಸಿನಲ್ಲಿ, ಅದೇ ಮನೆ, ಎರಡೂ ದೇಶಗಳಲ್ಲಿ ಊರೂರು ಸುತ್ತಾಟ. ಆಮೇಲೆ ಕೆನಡಾದ ಮಾಂಟ್ರಿಯಲ್‌ಗೆ ಬಂದು ಬಾರುಗಳಲ್ಲಿ ಹಾಡಿದಳು.

1997ರಲ್ಲಿ ಮೊದಲ ಆಲ್ಬಮ್ 'ಲಾ ಯೊರೋನಾ'. ಪೂರ್ತಿ ಸ್ಪ್ಯಾನಿಷ್. ಕೇಳುವವರೋ ಫ್ರೆಂಚ್ ಮಾತಾಡುವ ಕ್ವಿಬೆಕ್ (ಮಾಂಟ್ರಿಯಲ್ ಇರುವ ಪ್ರಾಂತ್ಯ) ಜನ! ಆದರೂ ಗೆದ್ದಿತು, ಕೆನಡಾದ ಸಂಗೀತ ಪ್ರಶಸ್ತಿ ಜೂನೋ ಕೂಡ ಬಂತು. ಬೇರೆ ಯಾರಾದರೂ ಆಗಿದ್ದರೆ ಮರುವರ್ಷವೇ ಅದೇ ಥರದ್ದು ಇನ್ನೊಂದು ಮಾಡಿ ಬಿಡುಗಡೆ ಮಾಡುತ್ತಿದ್ದರು, ಅಲ್ವಾ? ಈಕೆ ಎಲ್ಲ ಬಿಟ್ಟು ಫ್ರಾನ್ಸಿಗೆ ಹೋಗಿ ಅಕ್ಕತಂಗಿಯರ ಸರ್ಕಸ್ ಸೇರಿದಳು. ಸುಮ್ನೆ ಹೇಳ್ತಿಲ್ಲ, ನಿಜವಾದ ಸರ್ಕಸ್!

ಎರಡನೆಯದು ಬಂದಿದ್ದು 2003ರಲ್ಲಿ. ಅದರಲ್ಲಿ ಸ್ಪ್ಯಾನಿಷ್, ಫ್ರೆಂಚ್, ಇಂಗ್ಲಿಷ್ ಮೂರೂ ಇವೆ. ನನಗೆ ಜಾಸ್ತಿ ಇಷ್ಟ ಇದೇ. ಫ್ರೆಂಚಿನಲ್ಲಿ ಹಾಡುವಾಗ ಪಕ್ಕದಲ್ಲಿ ಕೂತು ಮಾತಾಡಿದಂತೆ, ಸ್ಪ್ಯಾನಿಷ್‌ಗೆ ಬಂದ ಕೂಡಲೇ ದನಿ ಎದೆಯಾಳಕ್ಕೆ ಇಳಿದು ಸ್ವಲ್ಪ ಒರಟಾಗುತ್ತದೆ, ಆ ಒರಟುತನಕ್ಕಾಗಿಯೇ ನಾನು ಮತ್ತೆ ಮತ್ತೆ ಹಾಕುತ್ತೇನೆ. ಒಂದಕ್ಷರ ಸ್ಪ್ಯಾನಿಷ್ ಬರಲ್ಲ ಬಿಡಿ.

ಮೂರನೆಯದು 2009ರಲ್ಲಿ, ಪೂರ್ತಿ ಇಂಗ್ಲಿಷ್, ಹೆಸರು 'ಲಾಸಾ' ಅಂತ ಅಷ್ಟೇ. 2010ರ ಜನವರಿ 1ರಂದು ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ವಯಸ್ಸು 37. ಅಂಗಡಿಗಳಲ್ಲಿ ಈಕೆಯ ಸಿಡಿಗಳನ್ನು 'ವರ್ಲ್ಡ್ ಮ್ಯೂಸಿಕ್' ಅನ್ನುವ ಕಪಾಟಿಗೆ ತಳ್ಳುತ್ತಿದ್ದರು, ಇಂಗ್ಲಿಷ್ ಬಿಟ್ಟು ಉಳಿದದ್ದೆಲ್ಲ ಅಲ್ಲಿಗೇ! ಹಾಗಾದರೆ ಆ ಮೂರನೇ ಆಲ್ಬಮ್ಮನ್ನು ಎಲ್ಲಿಟ್ಟರೋ?