ಜರ್ಮನಿಗೆ ಹೊರಡುವವರಿಗೆ: ಸಿಮ್, ಸಿಗ್ನಲ್ ಮತ್ತು ಗ್ರಾಹಕ ಸೇವೆಯ ವಿಚಾರ

ಕಂಪನಿಯ ಕೆಲಸದ ಮೇಲೆ ಬೆಂಗಳೂರಿನಿಂದ ಸ್ಟುಟ್‌ಗಾರ್ಟ್‌ಗೆ ಬರುವ ನಮ್ಮವರು ವೀಸಾ, ಆರೋಗ್ಯ ವಿಮೆ, ಚಳಿಗಾಲದ ಉಡುಪು, ಸಾರಿನ ಪುಡಿ ಎಲ್ಲವನ್ನೂ ಮೊದಲೇ ಹೊಂದಿಸಿಕೊಳ್ಳುತ್ತಾರೆ. ಆದರೆ ಯುರೋಪಿನ ಅತಿ ದೊಡ್ಡ ಆರ್ಥಿಕತೆಯಿರುವ ದೇಶದಲ್ಲಿ ಮೊಬೈಲ್ ಇಂಟರ್ನೆಟ್ ಒಂದು ತಲೆನೋವಾದೀತು ಎಂದು ಬಹುಶಃ ಯಾರೂ ಎಣಿಸಿರುವುದಿಲ್ಲ. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾವನ್ನು ಲೆಕ್ಕವಿಡದೆ ಬಳಸುವುದು, ಆಧಾರ್ ತೋರಿಸಿ ಕೆಲವೇ ನಿಮಿಷಗಳಲ್ಲಿ ಸಿಮ್ ಪಡೆಯುವುದು, ತೊಂದರೆಯಾದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳವಾಡುವುದು ನಮಗೆ ರೂಢಿಯಾಗಿಬಿಟ್ಟಿದೆ. ಈ ಮೂರೂ ಇಲ್ಲಿ ನಡೆಯುವುದಿಲ್ಲ, ಮೂರನೆಯದಂತೂ ಸ್ವಲ್ಪವೂ ನಡೆಯುವುದಿಲ್ಲ. ಗ್ರಾಹಕನಿಗೆ ಜರ್ಮನಿಯ ಕಾನೂನು ಕೊಟ್ಟಿರುವ ಹಕ್ಕುಗಳು ಗಟ್ಟಿಯಾಗಿಯೇ ಇವೆ. ಆದರೆ ಫೋನಿನಲ್ಲಿ ಎಷ್ಟು ಹೇಳಿಕೊಂಡರೂ ಅವು ಕೈಗೆ ದಕ್ಕುವುದಿಲ್ಲ, ದಿನಾಂಕ ಹಾಕಿ ಬರೆದು ಕೊಟ್ಟರೆ ದಕ್ಕುತ್ತವೆ. ಇಲ್ಲಿ ವಾಸವಿದ್ದು ನಾನು ಕಂಡುಕೊಂಡದ್ದನ್ನು ಮುಂದೆ ಇದೇ ಹಾದಿಯಲ್ಲಿ ಬರಲಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಊರಿನಲ್ಲಿಯೇ ಆಗಬೇಕು. ನಮ್ಮ ಬ್ಯಾಂಕುಗಳ ಓಟಿಪಿ ಬರುವುದು ಭಾರತದ ಮೊಬೈಲ್ ಸಂಖ್ಯೆಗೆ; ಆ ಸಂಖ್ಯೆ ಕೈತಪ್ಪಿದರೆ ಗೃಹಸಾಲದ ಕಂತು ಕಟ್ಟುವುದಕ್ಕೂ ಪರದಾಡಬೇಕಾಗುತ್ತದೆ. 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿಗಳು ನಿಷ್ಕ್ರಿಯಗೊಳಿಸಬಹುದು. 2024ರ ಡಿಸೆಂಬರ್‌ನಲ್ಲಿ ಭಾರತದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಮಾಡಿದ ತಿದ್ದುಪಡಿಯ ನಂತರ ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಮೀಸಲಾದ ದೀರ್ಘಾವಧಿಯ ಪ್ಯಾಕ್‌ಗಳು ಸಿಗುತ್ತಿರುವುದರಿಂದ ಅಂಥದೊಂದನ್ನು ಹಾಕಿಸಿಕೊಳ್ಳುವುದು ಲೇಸು. ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ವಿಮಾನ ಹತ್ತುವ ಮೊದಲೇ ಚಾಲೂ ಮಾಡಿಸಿ, ಡೇಟಾ ರೋಮಿಂಗನ್ನು ಮಾತ್ರ ಆಫ್ ಮಾಡಿಡಿ. ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ.

ಫೋನಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಜರ್ಮನಿಯ ಕಂಪನಿಗಳು 2021ರಲ್ಲಿ 3ಜಿ ನೆಟ್‌ವರ್ಕನ್ನು ಮುಚ್ಚಿದವು. ಭಾರತದಲ್ಲಿ ಕೊಂಡ ಕೆಲವು ಫೋನುಗಳಲ್ಲಿ ಇಲ್ಲಿನ ನೆಟ್‌ವರ್ಕ್‌ಗೆ ಹೊಂದುವ ವೋಲ್ಟಿಇ, ಅಂದರೆ 4ಜಿಯಲ್ಲೇ ಕರೆ ಸಾಗಿಸುವ ವ್ಯವಸ್ಥೆ ಇರುವುದಿಲ್ಲ. ಅಂಥ ಫೋನಿನಲ್ಲಿ ಕರೆ ಬಂದ ಕೂಡಲೇ ಅದು ನೇರವಾಗಿ 2ಜಿಗೆ ಇಳಿದು, ಮಾತು ಮುಗಿಯುವವರೆಗೆ ಇಂಟರ್ನೆಟ್ ನಿಂತೇ ಹೋಗುತ್ತದೆ. ನೆಟ್‌ವರ್ಕ್ ಸರಿಯಿಲ್ಲವೆಂದು ದೂರುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿಇ ಆಯ್ಕೆ ಕಾಣುತ್ತದೆಯೇ, ಚಾಲೂ ಇದೆಯೇ ಎಂದು ನೋಡಿಕೊಳ್ಳಿ.

ಇನ್ನು ಬಂದಿಳಿಯುವ ದಿನ. ಸಾಧ್ಯವಾದರೆ ಭಾನುವಾರ ಇಳಿಯಬೇಡಿ. ಅಂದು ವಿಮಾನ ನಿಲ್ದಾಣ ಮತ್ತು ದೊಡ್ಡ ರೈಲು ನಿಲ್ದಾಣಗಳಲ್ಲಿನ ಕೆಲವು ಅಂಗಡಿಗಳನ್ನು ಬಿಟ್ಟರೆ ಎಲ್ಲವೂ ಮುಚ್ಚಿರುತ್ತವೆ. ಆಲ್ಡಿ, ಲಿಡ್ಲ್‌ನಂತಹ ದಿನಸಿ ಮಳಿಗೆಗಳ ಕೌಂಟರಿನಲ್ಲಿ ಅಗ್ಗದ ಪ್ರೀಪೇಯ್ಡ್ ಸಿಮ್ ಸಿಗುತ್ತದೆ ನಿಜ, ಆದರೆ ಕೊಂಡ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ. 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್‌ಗೂ ಗುರುತಿನ ಪರಿಶೀಲನೆ ಕಡ್ಡಾಯ. ಇದು ಹೆಚ್ಚಾಗಿ ವೀಡಿಯೊ ಕರೆಯಲ್ಲಿ ನಡೆಯುತ್ತದೆ: ಆ ಕಡೆಯವರು ಪಾಸ್‌ಪೋರ್ಟನ್ನು ದೀಪದ ಬೆಳಕಿಗೆ ಹಿಡಿದು ಓರೆ ಮಾಡಲು ಹೇಳುತ್ತಾರೆ, ಹೊಳೆಯುವ ಮುದ್ರೆ ಅವರ ಪರದೆಯಲ್ಲಿ ಕಾಣುವವರೆಗೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತಾರೆ, ಅಷ್ಟರಲ್ಲಿ ಹೋಟೆಲ್ಲಿನ ವೈಫೈ ಸೋತು ಚಿತ್ರ ನಿಂತುಹೋಗುತ್ತದೆ, ಮತ್ತೆ ಮೊದಲಿನಿಂದ. ಇಂಟರ್ನೆಟ್ ಪಡೆಯಲು ಮೊದಲು ಒಳ್ಳೆಯ ಇಂಟರ್ನೆಟ್ ಬೇಕು ಎಂಬುದೇ ಇಲ್ಲಿನ ತಮಾಷೆ. ವೀಡಿಯೊದಲ್ಲಿ ಭಾರತೀಯ ಪಾಸ್‌ಪೋರ್ಟನ್ನು ಒಪ್ಪದಿರುವುದೂ ಉಂಟು. ಆಗ ಪೋಸ್ಟ್‌ಐಡೆಂಟ್ ಎಂಬ ಕ್ರಮವನ್ನು ಆರಿಸಿಕೊಂಡು, ಕಂಪನಿ ಕೊಡುವ ಚೀಟಿಯನ್ನು ಮುದ್ರಿಸಿ, ಪಾಸ್‌ಪೋರ್ಟಿನೊಂದಿಗೆ ಅಂಚೆ ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರು ಪರಿಶೀಲಿಸಿ ದಾಖಲಿಸುತ್ತಾರೆ. ನಡುವಿನ ದಿನಗಳಿಗೆ ಊರಿನಿಂದಲೇ ಒಂದು ಪ್ರವಾಸಿ ಇ-ಸಿಮ್ (ಬೇರೆ ಚಿಪ್ಪಿಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್) ಹಾಕಿಕೊಂಡು ಬಂದಿದ್ದರೆ ನಿಶ್ಚಿಂತೆ.

ಯಾವ ಕಂಪನಿಯದು ಒಳ್ಳೆಯದು ಎಂದು ಹೊಸಬರು ಕೇಳುತ್ತಾರೆ. ಈ ಪ್ರಶ್ನೆಗೆ ವಿಳಾಸ ಹೇಳದೆ ಉತ್ತರವಿಲ್ಲ. ಟೆಲಿಕಾಮ್, ವೊಡಾಫೋನ್, ಓ2 ಈ ಮೂರು ಹಳೆಯ ನೆಟ್‌ವರ್ಕ್‌ಗಳ ಜೊತೆಗೆ 2023ರ ಕೊನೆಯಿಂದ 1&1 ನಾಲ್ಕನೆಯದಾಗಿ ಸೇರಿದೆ; ದಿನಸಿ ಮಳಿಗೆಗಳ ಸಿಮ್‌ಗಳೆಲ್ಲವೂ ಇವುಗಳಲ್ಲೊಂದರ ಬೆನ್ನೇರಿ ಓಡುವಂಥವು. ಸ್ಟುಟ್‌ಗಾರ್ಟ್ ಸುತ್ತಲೂ ಗುಡ್ಡಗಳಿರುವ ಬೋಗುಣಿಯಂತಹ ಊರು. ಒಂದೇ ಬೀದಿಯ ಮೇಲ್ತುದಿಯಲ್ಲಿ 5ಜಿ ಓಡುತ್ತಿದ್ದರೆ ತಿರುವಿನ ಕೆಳಗಿನ ಮನೆಯಲ್ಲಿ ವಾಟ್ಸ್‌ಆ್ಯಪ್ ಸಂದೇಶವೂ ಹೋಗದೆ ಸುತ್ತುತ್ತಿರುತ್ತದೆ. ಕಂಪನಿಗಳ ನಕ್ಷೆಯಲ್ಲಿ ಎರಡೂ ಮನೆಗಳಿಗೆ ಒಂದೇ ಬಣ್ಣ ಬಳಿದಿರುತ್ತಾರೆ! ಆದ್ದರಿಂದ ಬಾಡಿಗೆ ಮನೆ ನೋಡಲು ಹೋದಾಗ ಬೇರೆ ಬೇರೆ ನೆಟ್‌ವರ್ಕಿನ ಎರಡು ಪ್ರೀಪೇಯ್ಡ್ ಸಿಮ್‌ಗಳನ್ನು ಜೇಬಿನಲ್ಲಿಟ್ಟುಕೊಂಡು, ಮಲಗುವ ಕೋಣೆಯಲ್ಲಿ ಕಿಟಕಿ ಮುಚ್ಚಿ ನಿಂತು ವೇಗ ಪರೀಕ್ಷಿಸಿ. ಮನೆಯೊಡೆಯರು ವಿಚಿತ್ರವಾಗಿ ನೋಡಿದರೆ ನೋಡಲಿ. ಚಳಿ ತಡೆಯಲೆಂದು ಲೋಹದ ತೆಳು ಲೇಪ ಹಾಕಿದ ಕಿಟಕಿ ಗಾಜುಗಳು ಸಿಗ್ನಲ್ಲನ್ನೂ ತಡೆಯುತ್ತವೆ. ಬಾಲ್ಕನಿಯಲ್ಲಿ ಬಂದ ವೇಗ ಒಳಗೆ ಬರುವುದಿಲ್ಲ. ಅಂಥ ಮನೆಯನ್ನೇ ಹಿಡಿಯಬೇಕಾಗಿ ಬಂದರೆ ಮನೆಯ ವೈಫೈ ಮೂಲಕ ಕರೆ ಸಾಗಿಸುವ ವೈಫೈ ಕಾಲಿಂಗ್ ಸೌಲಭ್ಯವಿರುವ ಸಿಮ್ ಆರಿಸಿಕೊಳ್ಳಿ.

ಇಂಟರ್ನೆಟ್ ನಿಧಾನವಾಗಲು ಇನ್ನೊಂದು ಸಾಮಾನ್ಯ ಕಾರಣ ಪ್ಯಾಕ್ ಮುಗಿದಿರುವುದು. ಒಪ್ಪಿದ ಡೇಟಾ ಮುಗಿದ ಕೂಡಲೇ ಹಲವು ಪ್ಯಾಕ್‌ಗಳಲ್ಲಿ ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸುತ್ತಾರೆ. ಸಂಪರ್ಕ ಇದೆ ಎಂದು ಫೋನ್ ತೋರಿಸುತ್ತಲೇ ಇರುತ್ತದೆ, ಆದರೆ ನಕ್ಷೆಯೂ ತೆರೆಯುವುದಿಲ್ಲ. ಊರಿನವರೊಂದಿಗೆ ವೀಡಿಯೊ ಕರೆಯಲ್ಲಿ ಮಾತನಾಡುವವರು ತಮ್ಮ ಬಳಕೆಯನ್ನು ಲೆಕ್ಕ ಹಾಕಿಯೇ ಪ್ಯಾಕ್ ಕೊಳ್ಳಬೇಕು.

ರೈಲಿನಲ್ಲಿ ಕೂತು ಕಚೇರಿಯ ಕರೆಗೆ ಸೇರುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ. ಮಾನ್‌ಹೈಮ್‌ನಿಂದ ಸ್ಟುಟ್‌ಗಾರ್ಟ್‌ಗೆ ಬರುವ ವೇಗದ ಮಾರ್ಗದಲ್ಲಿ ಸುರಂಗಗಳಿವೆ, ಷ್ವಾರ್ಟ್ಸ್‌ವಾಲ್ಡ್ ಕಾಡಿನೊಳಗೆ ಹೋಗುವ ರೈಲಂತೂ ಒಂದರ ಹಿಂದೆ ಒಂದು ಸುರಂಗ ಹೊಕ್ಕು ಹೊರಡುತ್ತದೆ; ಟಿಕೆಟ್, ನಕ್ಷೆ, ಹೋಟೆಲ್ ವಿಳಾಸ ಮೂರನ್ನೂ ಹೊರಡುವ ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಕಾನ್‌ಸ್ಟಾನ್ಸ್ ಸರೋವರದ ಕಡೆಗೆ, ಅಂದರೆ ಸ್ವಿಟ್ಜರ್ಲೆಂಡಿನ ಗಡಿಯತ್ತ ಹೋಗುವವರು ಗಮನಿಸಬೇಕಾದದ್ದೆಂದರೆ, ಜರ್ಮನಿಯ ಪ್ಯಾಕನ್ನೇ ಹೆಚ್ಚುವರಿ ಶುಲ್ಕವಿಲ್ಲದೆ ಬಳಸಬಹುದಾದ ನಿಯಮ 2017ರ ಜೂನ್‌ನಿಂದ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಜಾರಿಯಲ್ಲಿದ್ದರೂ ಸ್ವಿಟ್ಜರ್ಲೆಂಡ್ ಅದರೊಳಗಿಲ್ಲ. ಗಡಿ ದಾಟದಿದ್ದರೂ ಫೋನ್ ತಾನಾಗಿ ಸ್ವಿಸ್ ಟವರಿಗೆ ಅಂಟಿಕೊಂಡು ಬಿಲ್ ಏರಿಸಬಲ್ಲದು.

ಮನೆಗೆ ಇಂಟರ್ನೆಟ್ ಹಾಕಿಸುವ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಗ್ರಾಹಕ ಸೇವೆಯ ನಿಜರೂಪ ಕಾಣುವುದು ಅಲ್ಲಿಯೇ. ಮನೆ ಹೊಕ್ಕ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೂ ಮೊದಲು ಅಂಚೆಪೆಟ್ಟಿಗೆಯ ಮೇಲೂ ಕರೆಗಂಟೆಯ ಫಲಕದ ಮೇಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ನಿಮ್ಮ ಹೆಸರು ಅಂಟಿಸಿ. ಹೆಸರಿಲ್ಲದ ಪೆಟ್ಟಿಗೆಗೆ ಅಂಚೆಯವರು ಪತ್ರ ಹಾಕುವುದಿಲ್ಲ, ರೌಟರ್ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕರಾರನ್ನು ಅಂಗಡಿಯಲ್ಲಿ ಕೂತು ಮಾಡಿಕೊಳ್ಳುವುದಕ್ಕಿಂತ ಆನ್‌ಲೈನ್‌ನಲ್ಲಿ ಮಾಡಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಆನ್‌ಲೈನ್ ಅಥವಾ ಫೋನ್ ಮೂಲಕ ಮಾಡಿಕೊಂಡ ಕರಾರನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂತೆಗೆದುಕೊಳ್ಳಬಹುದು. ಅಂಗಡಿಯಲ್ಲಿ ಸಹಿ ಹಾಕಿದ ಕರಾರಿಗೆ ಆ ಹಕ್ಕಿಲ್ಲ. ಮಾರಾಟದವರು ಎಷ್ಟೇ ನಯವಾಗಿ ಮಾತನಾಡಿದರೂ ಅವರು ಬಾಯಲ್ಲಿ ಹೇಳಿದ್ದು ಕರಾರಿನಲ್ಲಿ ಇಲ್ಲದಿದ್ದರೆ ಅದು ಇಲ್ಲವೆಂದೇ ತಿಳಿಯಬೇಕು. ಕರಾರು ಹೆಚ್ಚಾಗಿ 24 ತಿಂಗಳದ್ದಾಗಿರುತ್ತದೆ. ಒಂದೇ ವರ್ಷಕ್ಕೆ ಬಂದವರು ಸ್ವಲ್ಪ ದುಬಾರಿಯಾದರೂ ತಿಂಗಳ ನೋಟಿಸಿನ ಕರಾರನ್ನೇ ಹುಡುಕಬೇಕು.

ನನ್ನ ಮನೆಗೆ ಸಂಪರ್ಕ ಕೊಡಬೇಕಾಗಿದ್ದ ಕಂಪನಿ ತಂತ್ರಜ್ಞರು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಹನ್ನೆರಡರೊಳಗೆ ಬರುತ್ತಾರೆಂದು ತಿಳಿಸಿತ್ತು. ರಜೆ ಹಾಕಿ, ಬೀದಿ ಕಾಣುವ ಕಿಟಕಿಯ ಬಳಿಯೇ ಕೂತಿದ್ದೆ. ಹನ್ನೆರಡು ಹೊಡೆದ ಸ್ವಲ್ಪ ಹೊತ್ತಿಗೆ ಸಂದೇಶ ಬಂತು: ತಂತ್ರಜ್ಞರು ಬಂದಿದ್ದರು, ಗ್ರಾಹಕರು ಮನೆಯಲ್ಲಿ ಸಿಗಲಿಲ್ಲ. ಗಂಟೆ ಒತ್ತಿದವರು ಯಾರೂ ಇರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಜರ್ಮನ್ ಭಾಷೆಯಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂಬ ಯಂತ್ರದ ದನಿ, ಆಮೇಲೆ ಮುಗಿಯದ ಸಂಗೀತ, ಕೊನೆಗೆ ಸಿಕ್ಕವರು ಮುಂದಿನ ತಿಂಗಳ ದಿನಾಂಕ ಕೊಟ್ಟು, ಒಳ್ಳೆಯ ದಿನವಾಗಲಿ ಎಂದು ಹಾರೈಸಿ ಇಟ್ಟುಬಿಟ್ಟರು. ಮರುದಿನ ಕಚೇರಿಯಲ್ಲಿ ಹುಬ್ಬಳ್ಳಿಯ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಫೋನ್ ಮಾಡಿ ಯಾಕ್ರೀ ಗಂಟಲ ಒಣಗಿಸ್ಕೋತೀರಿ, ಪತ್ರ ಬರೀರಿ, ಗಡುವು ಹಾಕ್ರಿ" ಎಂದರು.

ಅವರ ಮಾತು ಸರಿಯಾಗಿತ್ತು. 2021ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ದೂರಸಂಪರ್ಕ ಕಾನೂನಿನ ಪ್ರಕಾರ, ಒಪ್ಪಿದ ಸಮಯಕ್ಕೆ ತಂತ್ರಜ್ಞರು ಬಾರದಿದ್ದರೆ 10 ಯೂರೋ ಅಥವಾ ತಿಂಗಳ ಶುಲ್ಕದ 20 ಪ್ರತಿಶತ, ಇವೆರಡರಲ್ಲಿ ಹೆಚ್ಚಿನದನ್ನು ಗ್ರಾಹಕ ಪರಿಹಾರವಾಗಿ ಕೇಳಬಹುದು. ಸಂಪರ್ಕ ಪೂರ್ತಿ ಕಡಿದುಹೋಗಿ, ದೂರು ಕೊಟ್ಟ ಎರಡು ದಿನಗಳೊಳಗೆ (ರಜಾದಿನವೂ ಲೆಕ್ಕಕ್ಕೆ ಸೇರುತ್ತದೆ) ಸರಿಯಾಗದಿದ್ದರೆ, ಆ ಬಳಿಕ ಮೊದಲ ಎರಡು ದಿನ ದಿನಕ್ಕೆ 5 ಯೂರೋ ಅಥವಾ 10 ಪ್ರತಿಶತ, ಅನಂತರ ದಿನಕ್ಕೆ 10 ಯೂರೋ ಅಥವಾ 20 ಪ್ರತಿಶತ. ಇದನ್ನು ಕಂಪನಿ ತಾನಾಗಿ ಹೇಳುವುದಿಲ್ಲ. ನಾನು ಒಂದು ಪುಟದ ಪತ್ರದಲ್ಲಿ ಗ್ರಾಹಕ ಸಂಖ್ಯೆ, ಬಾರದ ದಿನಾಂಕ, ಕೊಟ್ಟಿದ್ದ ವೇಳೆ, ಕೇಳುವ ಮೊತ್ತ ಮತ್ತು ಎರಡು ವಾರದ ಗಡುವು ಇಷ್ಟನ್ನೇ ಬರೆದು, ಕೋಪದ ಒಂದು ಮಾತನ್ನೂ ಸೇರಿಸದೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಮೊದಲು ಕೊಟ್ಟಿದ್ದಕ್ಕಿಂತ ಬೇಗನೆಯ ಹೊಸ ದಿನಾಂಕ ಸಿಕ್ಕಿತು, ಮುಂದಿನ ಬಿಲ್ಲಿನಲ್ಲಿ ಪರಿಹಾರದ ಮೊತ್ತ ಕಡಿತವಾಗಿ ಬಂತು. ಕ್ಷಮೆಯ ಸಾಲು ಮಾತ್ರ ಬರಲಿಲ್ಲ. ಜರ್ಮನ್ ಬಾರದವರು ಅನುವಾದದ ಆ್ಯಪ್ ಬಳಸಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದರೂ ಸಾಕಾಗುತ್ತದೆ.

ಮನೆಯ ಸಂಪರ್ಕದ ವೇಗ ಕರಾರಿಗಿಂತ ಕಡಿಮೆ ಇದೆ ಎನಿಸಿದರೆ ಅದನ್ನೂ ಸಾಬೀತು ಮಾಡಬೇಕು. ಬುಂಡೆಸ್‌ನೆಟ್ಸ್‌ಅಗೆಂಟುರ್ ಎಂಬ ನಿಯಂತ್ರಣ ಸಂಸ್ಥೆಯ ಉಚಿತ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡು, ವೈಫೈ ಬಿಟ್ಟು ಕೇಬಲ್ ಜೋಡಿಸಿ, ಮೂರು ದಿನಗಳಲ್ಲಿ ಒಟ್ಟು 30 ಬಾರಿ ಅಳೆಯಬೇಕು. ಬೇಸರದ ಕೆಲಸವೇ ಸರಿ, ಆದರೆ ಅದರ ವರದಿಯನ್ನು ಲಗತ್ತಿಸಿದರೆ ಶುಲ್ಕ ಇಳಿಸಿ ಎಂದೋ ಕರಾರು ಬಿಡಿಸಿ ಎಂದೋ ಕೇಳುವ ಹಕ್ಕು ಬರುತ್ತದೆ. ಕಂಪನಿ ಮಣಿಯದಿದ್ದರೆ ಅದೇ ಸಂಸ್ಥೆಯ ರಾಜಿ ವಿಭಾಗಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಸಿಟ್ಟಿನಲ್ಲಿ ಬ್ಯಾಂಕಿಗೆ ಹೇಳಿ ಹಣ ಕಡಿತವನ್ನು ನಿಲ್ಲಿಸುವುದು ಮಾತ್ರ ಬೇಡ. ಬಾಕಿ ವಸೂಲಿ ಕಂಪನಿಯ ಕೈಗೆ ಹೋಗಿ, ಶುಫಾ ಎಂಬ ಸಾಲಚರಿತ್ರೆಯ ದಾಖಲೆಯಲ್ಲಿ ನಿಮ್ಮ ಹೆಸರು ಕೆಟ್ಟರೆ ಮುಂದೆ ಬಾಡಿಗೆ ಮನೆ ಸಿಗುವುದೂ ಕಷ್ಟವಾಗುತ್ತದೆ.

ಹಿಂದಿರುಗುವ ದಿನ ಗೊತ್ತಾದ ಕೂಡಲೇ ಕರಾರನ್ನು ರದ್ದು ಮಾಡಲು ತೊಡಗಿ. 2022ರ ಜುಲೈಯಿಂದ ಆನ್‌ಲೈನ್ ಕರಾರು ಮಾಡುವ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ರದ್ದತಿಯ ಗುಂಡಿ ಇಡುವುದು ಕಡ್ಡಾಯವಾಗಿದೆ. ಅದನ್ನು ಒತ್ತಿದ ಮೇಲೆ ಬರುವ ದೃಢೀಕರಣವನ್ನು ಜೋಪಾನವಾಗಿಡಿ. ಮೊದಲ ಅವಧಿ ಮುಗಿದಿದ್ದರೆ ಒಂದು ತಿಂಗಳ ನೋಟಿಸು ಸಾಕು. ಮನೆಯ ಇಂಟರ್ನೆಟ್ ಆಗಿದ್ದು ಅವಧಿ ಉಳಿದಿದ್ದರೆ, ನೀವು ಹೋಗುವ ಹೊಸ ವಿಳಾಸಕ್ಕೆ ಆ ಕಂಪನಿ ಸೇವೆ ಕೊಡಲಾರದು ಎಂಬ ಆಧಾರದ ಮೇಲೆ ಒಂದು ತಿಂಗಳ ನೋಟಿಸಿನಲ್ಲಿ ಬಿಡುಗಡೆ ಕೇಳಬಹುದು. ಇದಕ್ಕೆ ನೀವು ವಿಳಾಸ ನೋಂದಾಯಿಸಿದ್ದ ಪೌರ ಕಚೇರಿ ಕೊಡುವ, ಆ ನೋಂದಣಿಯನ್ನು ತೆಗೆದುಹಾಕಿದೆ ಎಂಬ ಪತ್ರ ಬೇಕಾಗುತ್ತದೆ. ರೌಟರನ್ನು ಅಂಚೆಯಲ್ಲಿ ಹಿಂದಿರುಗಿಸಿದ ರಸೀದಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ, ಕೊನೆಯ ಬಿಲ್ ಪಾವತಿಯಾಗುವವರೆಗೆ ಜರ್ಮನಿಯ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ, ಮತ್ತು ಅನಂತರ ಬರುವ ಪತ್ರಗಳಿಗಾಗಿ ಅಲ್ಲಿಯೇ ಉಳಿಯುವ ಸ್ನೇಹಿತರೊಬ್ಬರ ವಿಳಾಸವನ್ನು, ಅವರ ಒಪ್ಪಿಗೆ ಪಡೆದು, ಕಂಪನಿಗೆ ಬರೆದು ತಿಳಿಸಿ.