ಫಿಲ್ಮ್ ಡಿಗ್ರಿ ಮಾಡ್ತೀನಿ ಅಂತ ಕೂತಿರೋ ತಮ್ಮ

ಚಿಕ್ಕಪ್ಪನ ಮಗ ಪಿಯುಸಿ ಮುಗಿಸಿ ಬೆಂಗಳೂರಲ್ಲಿ ಪ್ರೈವೇಟ್ ಕಾಲೇಜಲ್ಲಿ ಫಿಲ್ಮ್‌ಮೇಕಿಂಗ್ ಡಿಗ್ರಿ ಮಾಡ್ತೀನಿ ಅಂತ ಹಠ ಹಿಡಿದಿದಾನೆ, ಫೀಸು ಹಾಸ್ಟೆಲ್ಲು ಎಲ್ಲಾ ಸೇರಿ 10 ಲಕ್ಷದ ಮೇಲೆ. ಲೋನ್ 7.5 ಲಕ್ಷ ದಾಟಿದ್ರೆ ಬ್ಯಾಂಕಿನವ್ರು ಸಾಮಾನ್ಯವಾಗಿ ಆಸ್ತಿ ಅಡ ಕೇಳ್ತಾರೆ, ಅಂದ್ರೆ ಚಿಕ್ಕಪ್ಪನ ಅಡಿಕೆ ತೋಟ.

ಆಮೇಲೆ ಸಿಗೋದೇನು? ಅಸಿಸ್ಟೆಂಟ್ ಡೈರೆಕ್ಟರ್ ಆದ್ರೆ ಕಂಟಿನ್ಯೂಟಿ (ಹಿಂದಿನ ಶಾಟಲ್ಲಿ ಬಟ್ಟೆ, ವಸ್ತು ಹೇಗಿತ್ತು ಅನ್ನೋದು) ಬರೆಯೋದು, ಕ್ಲಾಪ್ ಹೊಡೆಯೋದು, ಆರ್ಟಿಸ್ಟ್‌ನ ಕ್ಯಾರವಾನಿಂದ ಕರ್ಕೊಂಡು ಬರೋದು, ಸಂಬಳ ಎಷ್ಟೋ ಕಡೆ ಇಡೀ ಸಿನಿಮಾಗೆ ಇಷ್ಟು ಅಂತ ಮಾತಾಡಿರ್ತಾರೆ, ಶೂಟಿಂಗ್ ನಿಂತ್ರೆ ಅದೂ ನಿಂತ್ಹೋಗತ್ತೆ, ಇಎಂಐ ಮಾತ್ರ ನಿಲ್ಲಲ್ಲ. ಎಡಿಟಿಂಗ್, ಸೌಂಡ್ ಕಲಿತವ್ರು ಸ್ವಲ್ಪ ಬಚಾವ್, ಆಡ್ಸು, ಯೂಟ್ಯೂಬು, ಮದುವೆ ವಿಡಿಯೋ ಅಂತ ರೂಮ್ ಬಾಡಿಗೆಯಾದ್ರೂ ಹುಟ್ಟತ್ತೆ.

ಸರ್ಕಾರಿ ಸೀಟಿಗೆ ಟ್ರೈ ಮಾಡೋ ಅಂದೆ. ಹಿಂದಿ ಡೈರೆಕ್ಟರ್ ಗುರುದತ್ ಸಿನಿಮಾಗಳ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಕ್ಯಾಮೆರಾ ಕಲಿತಿದ್ದು ನಮ್ಮ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಡಿಪ್ಲೊಮಾದಲ್ಲೇ, ಆ ಕೋರ್ಸು ಈಗ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಲ್ಲಿದೆ, ಫೀಸು ಪ್ರೈವೇಟಿನ ಮುಂದೆ ಏನೇನೂ ಅಲ್ಲ. ಪುಣೆಯ ಕೇಂದ್ರ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಫ್‌ಟಿಐಐಲಿ ಡೈರೆಕ್ಷನ್ನಿಗೆ ಮೊದ್ಲು ಯಾವ್ದಾದ್ರೂ ಡಿಗ್ರಿ ಬೇಕು, ಬಿಕಾಂ ಆದ್ರೂ ನಡೆಯತ್ತೆ.

ಬಿಕಾಂ ಅಂದ ತಕ್ಷಣ ಅವ್ನು ಎದ್ದು ಹೋದ. ಚಿಕ್ಕಮ್ಮ ಆಗ್ಲೇ ಶಿವಮೊಗ್ಗದಿಂದ ಬಿಕಾಂ ಅಪ್ಲಿಕೇಶನ್ ತರಿಸಿಟ್ಟಿದಾರೆ.