ಪ್ರೀಮಿಯಂ ಏರಿತು, ಆದರೂ ವಿಮೆಯವರನ್ನು ಕರೆಸಿದ್ದು ಒಳ್ಳೆಯದೇ ಆಯಿತು

ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಒಂದು ಐಸ್ ಪ್ಲಾಂಟ್‌ನಲ್ಲಿ ಹಾಜರಿ, ಸಂಬಳ, ವಿಮೆಯ ಕಾಗದ ಎಲ್ಲ ನಾನೇ ನೋಡುವುದು. ನಮ್ಮ ಕೆಲಸಗಾರರಿಗೆ ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಇಲ್ಲ, ನೌಕರರ ಪರಿಹಾರದ ಪಾಲಿಸಿ ಇದೆ. ಅಂದರೆ ಕೆಲಸದಲ್ಲಿ ಪೆಟ್ಟಾದವರಿಗೆ ಮಾಲೀಕರು ಕೊಡಬೇಕಾದ ಪರಿಹಾರವನ್ನು ವಿಮಾ ಕಂಪನಿ ಕಟ್ಟುತ್ತದೆ. ವಿಮಾ ಕಂಪನಿಯ ಸುರಕ್ಷತಾ ಎಂಜಿನಿಯರ್ ಬಂದು ಜಾಗ ನೋಡಿ ಸಲಹೆ ಕೊಡುತ್ತಾರೆ ಎಂದಾಗ ಮಾಲೀಕರಿಗೆ ಒಂದೇ ಹೆದರಿಕೆ. "ತಪ್ಪು ಹುಡುಕಿ ಪ್ರೀಮಿಯಂ ಏರಿಸಿದ್ರೆ ಏನ್ ಮಾಡೋದು ಮಾರಾಯ್ರೆ? ಜುಲೈಯಲ್ಲೇ ಕರೆಸಿ ಮುಗಿಸಿಬಿಡಿ."

ಜೂನ್, ಜುಲೈ ಮೀನುಗಾರಿಕೆ ನಿಷೇಧದ ಕಾಲ. ಐಸ್ ಪುಡಿಮಾಡುವ ಕ್ರಷರ್ ನಿಂತಿರುತ್ತದೆ, ಒಳಗಿನ ನೆಲ ಒಣಗಿರುತ್ತದೆ. ಆಗ ಬಂದವರಿಗೆ ಕಾಣುವುದಾದರೂ ಏನು? ಆಗಸ್ಟ್‌ನಲ್ಲಿ ಬೋಟ್‌ಗಳಿಗೆ ಐಸ್ ತುಂಬುವ ಹೊತ್ತಿಗೆ ಬನ್ನಿ ಎಂದು ನಾನು ಹಟ ಹಿಡಿದೆ.

ಬಂದವರು ಮೊದಲು ಕ್ರಷರ್ ಬಾಯಿಯ ಹತ್ತಿರ ನಿಂತರು. ಸಿಕ್ಕಿಕೊಂಡ ಗಡ್ಡೆಯನ್ನು ಹುಡುಗ ಕೈಯಲ್ಲೇ ತಳ್ಳುತ್ತಿದ್ದ. ಯಂತ್ರ ನಿಲ್ಲಿಸುವ ಸ್ವಿಚ್ ಗೋಡೆಯ ಆಚೆ. ಐಸ್ ಮಾಡಲು ಬಳಸುವ ಅಮೋನಿಯಾ ಅನಿಲ ಸೋರಿದರೆ ಹಾಕಿಕೊಳ್ಳುವ ಮಾಸ್ಕ್ ಇಟ್ಟಿದ್ದು ಕಂಪ್ರೆಸರ್ ಕೋಣೆಯ ಒಳಗೆ. ಸೋರಿಕೆ ಆದರೆ ಅದನ್ನು ತರಲು ಆ ಕೋಣೆಗೇ ನುಗ್ಗಬೇಕು, ಅಲ್ವಾ? ಕ್ರಷರ್ ಬಾಯಿಗೆ ಜಾಲರಿ ಹಾಕಿಸಿದೆವು, ಕೈಗೆಟುಕುವಲ್ಲಿ ಸ್ವಿಚ್ ಕೂರಿಸಿದೆವು, ಮಾಸ್ಕ್ ಹೊರಗೆ ತೂಗುಹಾಕಿದೆವು. ಇವಕ್ಕೆ ದೊಡ್ಡ ಖರ್ಚೇನೂ ಬರಲಿಲ್ಲ.

ಆಮೇಲೆ ಐಸ್ ಹೊರುವವರನ್ನು ತೋರಿಸಿ, "ಇವರು ಪಾಲಿಸಿಯಲ್ಲಿ ಇದ್ದಾರಾ?" ಎಂದು ಕೇಳಿದರು. ಅವರು ಮೇಸ್ತ್ರಿ ಕರೆತಂದ ಜನ, ನಮ್ಮ ಸಂಬಳದ ಪಟ್ಟಿಯಲ್ಲಿ ಇಲ್ಲ. ಆದರೆ ಗುತ್ತಿಗೆಯವನ ಆಳಿಗೆ ನಮ್ಮ ಕೆಲಸದಲ್ಲಿ ಪೆಟ್ಟಾದರೂ ಕಾಯ್ದೆ ಪ್ರಕಾರ ಪರಿಹಾರವನ್ನು ನಮ್ಮಿಂದಲೇ ಕೇಳಬಹುದು. ಕೊಟ್ಟ ಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡಿಕೊಳ್ಳಿ ಅಂತಾರೆ. ಮಾಡಿ ನೋಡಿ!

ಅವರನ್ನು ಸೇರಿಸಿದ ಮೇಲೆ ಪ್ರೀಮಿಯಂ ಏರಿತು. ಈ ಪಾಲಿಸಿಯ ಪ್ರೀಮಿಯಂ ಒಟ್ಟು ಕೂಲಿಯ ಮೇಲೆ, ಕೆಲಸದ ಅಪಾಯದ ಮೇಲೆ ನಿಂತಿರುತ್ತದೆ. ಮಾಲೀಕರ ಮುಖ ಸಪ್ಪಗಾಯಿತು. ಆಗ ಎಂಜಿನಿಯರ್ ಅಲ್ಲೇ ಲೆಕ್ಕ ಹಾಕಿ ತೋರಿಸಿದರು. ಒಬ್ಬ ಆಳಿನ ವಯಸ್ಸು 30, ತಿಂಗಳ ಸಂಬಳ 15,000 ಅಂತಿಟ್ಟುಕೊಳ್ಳಿ. ಅದರ 60% ಅಂದರೆ 9,000. ಆ ವಯಸ್ಸಿಗೆ ಕಾಯ್ದೆ ಕೊಟ್ಟಿರುವ 207.98ರಿಂದ ಗುಣಿಸಿದರೆ 18,71,820. ಇದು ದುಡಿಯುವ ಶಕ್ತಿ ಪೂರ್ತಿ ಹೋದರೆ ಕೊಡಬೇಕಾದದ್ದು. ಒಂದು ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯ ನಷ್ಟ 30%. ಅಂದರೆ ಆ ಮೊತ್ತದ 30%, 5,61,546 ರೂಪಾಯಿ. ಹೆಸರು ಪಾಲಿಸಿಯಲ್ಲಿ ಇಲ್ಲದಿದ್ದರೆ ಇಷ್ಟೂ ಮಾಲೀಕರ ಕಿಸೆಯಿಂದ. ಸಂಬಳ ಕಡಿಮೆ ತೋರಿಸಿ ಪ್ರೀಮಿಯಂ ಉಳಿಸುವವರ ಪಾಡೂ ಹೆಚ್ಚು ಬೇರೆ ಇಲ್ಲ.

ತಡವೂ ದುಬಾರಿಯೇ. ಪರಿಹಾರ ಕೊಡುವುದು ಒಂದು ತಿಂಗಳು ದಾಟಿದರೆ ವರ್ಷಕ್ಕೆ 12% ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ 50%ವರೆಗೆ ದಂಡ. ಆ ದಂಡವನ್ನು ವಿಮೆಯವರು ಕಟ್ಟುವುದಿಲ್ಲ. ಹಾಗಾಗಿ ಈಗ ಸಣ್ಣ ಗಾಯ ಆದರೂ ಅದೇ ದಿನ ರಿಜಿಸ್ಟರಿಗೆ ಏರುತ್ತದೆ. ಜಾರಿ ಬಿದ್ದು ಪೆಟ್ಟಾಗದೆ ಎದ್ದವರದ್ದನ್ನೂ ಬರೆಯುತ್ತೇನೆ. ಹುಡುಗರು ಮೊದಮೊದಲು ನಕ್ಕರು.

ಎಂಜಿನಿಯರ್ ಕೊಡುವ ಸಲಹೆಯ ಪತ್ರವನ್ನು ಸುಮ್ನೆ ಫೈಲಿಗೆ ಸೇರಿಸಬೇಡಿ. ಅಪಾಯ ಇದೆ ಎಂದು ನಿಮಗೆ ಗೊತ್ತಿತ್ತು ಎನ್ನುವುದಕ್ಕೆ ನಾಳೆ ಅದೇ ಸಾಕ್ಷಿ ಆಗಬಹುದು. ನಮ್ಮ ಪತ್ರದಲ್ಲಿದ್ದ ಒಂದು ಸಲಹೆ, ಅಂಗಳದ ಚರಂಡಿ ಅಗೆಸುವುದು, ಹಂಗಾಮಿನ ನಡುವೆ ಆಗುವ ಕೆಲಸ ಅಲ್ಲ. ಮುಂದಿನ ಜೂನ್‌ನಲ್ಲಿ ಮಾಡಿಸುತ್ತೇವೆ, ಅಲ್ಲಿಯವರೆಗೆ ಆ ಬದಿಯಿಂದ ಐಸ್ ಹೊರಿಸುವುದಿಲ್ಲ ಎಂದು ಉತ್ತರ ಬರೆದು, ಮಾಲೀಕರ ಸಹಿ ಹಾಕಿಸಿ ಕಳಿಸಿದ್ದೇನೆ.